ಗೋಡೆಗೇರಿದ ಉಳಿ, ಸುತ್ತಿಗೆ, ಪಾನಾ

ನೆಲದ ಮೇಲಿಟ್ಟ ಸುತ್ತಿಗೆ ಒಂದು ಅಡಿ ಜಾಗ ತಿನ್ನುತ್ತದೆ, ಜೊತೆಗೆ ಕಾಲಿಗೂ ತಾಕುತ್ತದೆ. ಅದನ್ನೇ ಗೋಡೆಗೆ ತೂಗುಹಾಕಿದರೆ ನೆಲ ಪೂರ್ತಿ ಖಾಲಿ. ಅಥಣಿ ತಾಲ್ಲೂಕಿನ ಕೊಕಟನೂರಿನಂಥ ಊರುಗಳಲ್ಲಿ ಮನೆಯೊಳಗಿನ ಕೆಲಸದ ಕೋಣೆ ಕೆಲಸಕ್ಕೊಂದಕ್ಕೇ ಮೀಸಲಾಗಿರುವುದು ಅಪರೂಪ. ಅಲ್ಲೇ ಬೈಕು ನಿಲ್ಲಬೇಕು, ಗೊಬ್ಬರದ ಚೀಲ ಇರಬೇಕು, ಬಾವಿಯ ಪಂಪು ಕೆಟ್ಟಾಗ ಅದರ ಮೋಟಾರು ಬಿಚ್ಚಿ ಹರಡಬೇಕು. ಇಂಥ ಕಡೆ ಉಳಿದಿರುವ ಜಾಗವೆಂದರೆ ಗೋಡೆ.

ಮನೆಯೇ ಕಾರ್ಖಾನೆಯಾಗಿರುವುದು ಈ ಭಾಗಕ್ಕೆ ಹೊಸದಲ್ಲ. ಅಥಣಿ, ಮದಬಾವಿ, ನಿಪ್ಪಾಣಿಗಳ ಕೊಲ್ಹಾಪುರಿ ಚಪ್ಪಲಿ ಹೊಲಿಯುವುದು ಇಂದಿಗೂ ಬಹುಪಾಲು ಮನೆಗಳಲ್ಲೇ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಚಪ್ಪಲಿ ಮಾಡುವವರ ಸಲಕರಣೆ ಹೆಚ್ಚೇನಿಲ್ಲ: ಚರ್ಮ ಕೊಯ್ಯುವ ರಂಪಿಗೆ, ತೂತು ಹಾಕುವ ಉಳಿ, ಬಡಿಯುವ ಸುತ್ತಿಗೆ, ಕೆಳಗೊಂದು ಕಲ್ಲು. ವಚನಕಾರ ಮಾದಾರ ಚೆನ್ನಯ್ಯನ ವಚನಗಳ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗುಂಟಗಳು ಬರುತ್ತವೆ. ಸಲಕರಣೆ ಕಡಿಮೆಯಾದರೂ ಎಲ್ಲವೂ ಹರಿತ. ಮಕ್ಕಳು ಓಡಾಡುವ ಮನೆಯಲ್ಲಿ ಅವುಗಳಿಗೆ ಗೊತ್ತಾದ ಜಾಗ ಇರಲೇಬೇಕು.

ಹಳೆಯ ಮನೆಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದವು. ಗೋಡೆ ಕಟ್ಟುವಾಗಲೇ ಕಲ್ಲುಗಳ ನಡುವೆ ಕಟ್ಟಿಗೆಯ ಗೂಟ ಕೂಡಿಸುತ್ತಿದ್ದರು, ಬೇಕಾದಲ್ಲಿ ಮಾಡ ಬಿಡುತ್ತಿದ್ದರು. ತೊಲೆಯ ಕೆಳಗೆ ನಾಗಂದಿಗೆ, ತೊಲೆಯಿಂದ ಇಳಿಬಿಟ್ಟ ನೆಲುವು. ಎರಡಡಿ ದಪ್ಪದ ಮಣ್ಣು-ಕಲ್ಲಿನ ಗೋಡೆಯೊಳಗೆ ಮಾಡ ಇದ್ದರೆ ಅದು ಕೋಣೆಯ ಒಂದು ಬೆರಳು ಜಾಗವನ್ನೂ ಕೇಳುವುದಿಲ್ಲ. ಜಾಗ ಉಳಿಸುವುದರಲ್ಲಿ ಇದನ್ನು ಮೀರಿಸುವ ಉಪಾಯ ಇನ್ನೂ ಬಂದಿಲ್ಲ. ಆದರೆ ಇಂದಿನ ಆರಿಂಚಿನ ಬ್ಲಾಕಿನ ಗೋಡೆಯಲ್ಲಿ ಮಾಡ ಕೊರೆಯಲು ಆಳವೆಲ್ಲಿ? ಹೀಗಾಗಿ ಗೋಡೆಯ ಮುಂದೆ ಹಲಗೆ ಬಂತು.

ಹಲಗೆಗಿಂತ ಮೊದಲು ಗೋಡೆ ಎಂಥದ್ದೆಂದು ನೋಡಬೇಕು. ಸುಟ್ಟ ಇಟ್ಟಿಗೆಯ ಗೋಡೆಯಾದರೆ ಚಿಂತೆಯಿಲ್ಲ: 8 ಮಿ.ಮೀ. ಬಿಟ್ಟಿನಿಂದ ತೂತು ಹಾಕಿ, ಪ್ಲಾಸ್ಟಿಕ್ ಗಿಟ್ಟಿ ಕೂಡಿಸಿ, ಸ್ಕ್ರೂ ಬಿಗಿದರೆ ಆಯಿತು. ಗಿಟ್ಟಿ ಗಿಲಾಯದಲ್ಲೇ ಉಳಿಯದೆ ಇಟ್ಟಿಗೆಯೊಳಗೆ ಪೂರ್ತಿ ಇಳಿಯಬೇಕು. ಗಿಲಾಯವೇ ಅರ್ಧ-ಮುಕ್ಕಾಲು ಇಂಚು ದಪ್ಪ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದವರ ಹಲಗೆ ಒಂದಿನ ಗಿಲಾಯದ ಸಮೇತ ಕೆಳಗೆ ಬರುತ್ತದೆ. ಮಣ್ಣಿನ ಗೋಡೆ ಗಿಟ್ಟಿಯನ್ನು ಹಿಡಿಯುವುದೇ ಇಲ್ಲ. ಅಲ್ಲಿ ನೆಲದಿಂದ ತೊಲೆಯವರೆಗೆ ಎರಡು ನಿಲುವು ಕಟ್ಟಿಗೆ ನಿಲ್ಲಿಸಿ, ಮೇಲ್ತುದಿಯನ್ನು ತೊಲೆಗೆ ಬಿಗಿದು, ಹಲಗೆಯನ್ನು ಅವಕ್ಕೆ ಜಡಿಯಬೇಕು; ಭಾರವೆಲ್ಲ ನೆಲಕ್ಕೆ ಇಳಿಯುತ್ತದೆ, ಗೋಡೆ ಬರೀ ಆಸರೆ. ಕಟ್ಟಿಗೆಯ ಬುಡದಲ್ಲಿ ಚಪ್ಪಡಿ ಕಲ್ಲಿಟ್ಟರೆ ಒರಲಿ ಹತ್ತುವುದು ತಡವಾಗುತ್ತದೆ. ಪತ್ರಾಸಿನ ಶೆಡ್ಡಿನಲ್ಲಿ ತಗಡಿಗೆ ಏನನ್ನೂ ತೂಗುಹಾಕಬಾರದು, ಕಬ್ಬಿಣದ ಆ್ಯಂಗಲ್ಲಿಗೇ ಬೋಲ್ಟು ಹಾಕಬೇಕು.

ಹಲಗೆಗೆ ಸಾಲುಸಾಲಾಗಿ ಮೊಳೆ ಹೊಡೆದು ತೂಗುಹಾಕುವುದು ಎಲ್ಲರೂ ಮಾಡುವ ಕೆಲಸ. ಅದರ ತೊಂದರೆ ಗೊತ್ತಾಗುವುದು ಹೊಸ ಸಾಮಾನು ಬಂದಾಗ: ಮೊಳೆ ಕೀಳಬೇಕು, ಮತ್ತೆ ಹೊಡೆಯಬೇಕು, ವರ್ಷದೊಳಗೆ ಹಲಗೆ ಜರಡಿಯಾಗುತ್ತದೆ. ಇದಕ್ಕೆ ಬಡಿಗತನದಲ್ಲಿರುವ ಒಳ್ಳೆಯ ಉತ್ತರ ಓರೆಪಟ್ಟಿ. ನಾಲ್ಕಿಂಚು ಅಗಲದ, 18 ಮಿ.ಮೀ. ದಪ್ಪದ ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೂ ನಡುವೆ 45 ಡಿಗ್ರಿ ಓರೆಯಾಗಿ ಸೀಳಿದರೆ ಎರಡು ಪಟ್ಟಿಗಳಾಗುತ್ತವೆ. ಒಂದನ್ನು ಗೋಡೆಗೆ ಜಡಿಯುವುದು: ಓರೆಯಾದ ಅಂಚು ಮೇಲಕ್ಕೆ, ಅದರ ಚೂಪು ಕೋಣೆಯ ಕಡೆಗೆ, ಇಳಿಜಾರು ಗೋಡೆಯ ಕಡೆಗೆ. ಆಗ ಪಟ್ಟಿಗೂ ಗೋಡೆಗೂ ನಡುವೆ ಬೆಣೆಯಾಕಾರದ ಸಂದಿ ಉಳಿಯುತ್ತದೆ. ಇನ್ನೊಂದರ ತುಂಡನ್ನು ಸಲಕರಣೆಯನ್ನು ಹಿಡಿದಿಡುವ ಆಸರೆಯ, ಅಂದರೆ ಹಿಡಿಕೆಯ, ಹಿಂದೆ ತಲೆಕೆಳಗಾಗಿ ಜಡಿದರೆ ಅದು ಆ ಸಂದಿಗೆ ಮೇಲಿನಿಂದ ಇಳಿದು ಕೂರುತ್ತದೆ. ಭಾರ ಹೆಚ್ಚಿದಷ್ಟೂ ಓರೆ ಅದನ್ನು ಗೋಡೆಯ ಕಡೆಗೇ ಎಳೆಯುತ್ತದೆ. ತೆಗೆಯಬೇಕೆಂದರೆ ಮೇಲಕ್ಕೆತ್ತಿದರೆ ಸಾಕು, ಸ್ಕ್ರೂ ಬಿಚ್ಚುವ ಮಾತೇ ಇಲ್ಲ.

ಸಾಮಾನಿನ ಲೆಕ್ಕವೂ ಹಗುರ. ನಾಲ್ಕಡಿ ಚೌಕದ ಗೋಡೆಗೆ ಎಂಟಿಂಚಿಗೊಂದರಂತೆ ಆರು ಸಾಲು ಹಾಕಿದರೆ ಒಟ್ಟು 24 ಅಡಿ ಪಟ್ಟಿ ಬೇಕು. 8×4 ಅಡಿಯ ಪ್ಲೈವುಡ್ ಹಾಳೆಯಿಂದ ಒಂದಡಿ ಅಗಲ ಕೊಯ್ದರೆ ಎಂಟಡಿ ಉದ್ದದ, ನಾಲ್ಕಿಂಚಿನ ಮೂರು ಪಟ್ಟಿ ಸಿಗುತ್ತವೆ. ಓರೆಯಾಗಿ ಸೀಳಿದ ಮೇಲೆ ಗೋಡೆಗೆ 24 ಅಡಿ, ಹಿಡಿಕೆಗಳಿಗೆ 24 ಅಡಿ. ಅಂದರೆ ಕಾಲು ಹಾಳೆಯಲ್ಲಿ ಕೆಲಸ ಮುಗಿಯಿತು. ಸೀಳುವುದನ್ನು ಮಾತ್ರ ಕೈಗರಗಸದಲ್ಲಿ ಮಾಡಹೊರಡುವುದು ಜಾಣತನವಲ್ಲ. ಓರೆ ಅಲ್ಲಲ್ಲಿ ಬದಲಾದರೆ ಹಿಡಿಕೆ ಅಲ್ಲಾಡುತ್ತದೆ. ಮಷಿನ್ನಿರುವ ಬಡಿಗೇರರ ಹತ್ತಿರ ಕೊಯ್ಸಿಕೊಳ್ಳುವುದು ಮೇಲು.

ಹಿಡಿಕೆಗಳ ಆಕಾರವನ್ನು ಆಯಾ ಸಲಕರಣೆಯೇ ಹೇಳುತ್ತದೆ. ಸುತ್ತಿಗೆಗೆ ಒಂದೂವರೆ ಇಂಚು ಅಂತರದಲ್ಲಿ ಎರಡು ಗೂಟ, ತುದಿ ಕೊಂಚ ಮೇಲೆದ್ದಿರಬೇಕು. ಉಳಿ, ರಂಪಿಗೆಗಳಿಗೆ ಸೀಳು ಬಿಟ್ಟ ಕಟ್ಟಿಗೆಯ ತುಂಡು. ಅಲಗು ಕೆಳಮುಖವಾಗಿ ಒಳಗೆ ಮುಚ್ಚಿಕೊಂಡಿರಬೇಕು, ಹಿಡಿ ಮಾತ್ರ ಹೊರಗೆ. ಸ್ಕ್ರೂಡ್ರೈವರುಗಳಿಗೆ ಹೊಲದ ಪೈಪ್‌ಲೈನಿನಲ್ಲಿ ಉಳಿದ ಪಿವಿಸಿ ತುಂಡು ಸಾಕು. 6-7ರಿಂದ 20-22ರವರೆಗಿನ ಎಂಟು ಪಾನಾಗಳ ಸೆಟ್ಟನ್ನು ಅಳತೆಯ ಕ್ರಮದಲ್ಲೇ ಜೋಡಿಸಿ, ಹಿಂದೆ ಒಂದೊಂದರ ನೆರಳು ಬರೆಯುವುದು ಒಳ್ಳೆಯದು. 12-13ರ ಪಾನಾ ಓಣಿಯಲ್ಲಿ ಯಾರ ಮನೆಗೆ ಹೋಗಿದೆಯೋ ಆ ಗೆರೆ ಹೇಳದು, ಆದರೆ ಹೋಗಿದೆ ಎಂಬುದನ್ನು ಅಂದೇ ಸಂಜೆ ಹೇಳುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಪಕ್ಕಡ, ಬಿಟ್ಟುಗಳನ್ನು ಅಂಟಿಸಬಹುದು. ಹರಿತವಾದ ಅಲಗಿಗೆ ಅದು ಬೇಡ. ಕಬ್ಬಿಣದ ಪುಡಿ ಅಂಟಿಕೊಂಡು ಅಂಚು ಹಾಳಾಗುತ್ತದೆ.

ಗ್ರೈಂಡರು, ಡ್ರಿಲ್ಲುಗಳಂಥ ಭಾರದ ಸಾಮಾನಿಗೆ ಸಣ್ಣದೊಂದು ಲೆಕ್ಕ ಬೇಕು. ಗೋಡೆಯಿಂದ ಎಂಟಿಂಚು ಮುಂದೆ 10 ಕೆ.ಜಿ. ತೂಗುತ್ತಿದೆ, ಹಿಡಿಕೆಯ ಎತ್ತರವೂ ಎಂಟಿಂಚು ಎಂದುಕೊಂಡರೆ ಮೇಲಿನ ಸ್ಕ್ರೂವನ್ನು ಗೋಡೆಯಿಂದ ಕೀಳಲು ನೋಡುವ ಎಳೆತ ಸುಮಾರು 10 ಕೆ.ಜಿ. ಹಿಡಿಕೆಯ ಎತ್ತರ ನಾಲ್ಕಿಂಚಿಗೆ ಇಳಿದರೆ ಅದೇ ಎಳೆತ 20 ಕೆ.ಜಿ. ಆಗುತ್ತದೆ. ಹೀಗಾಗಿ ಭಾರದ್ದನ್ನು ಗೋಡೆಗೆ ಒತ್ತಿದಂತೆ ಇಡಬೇಕು, ಅದರ ಹಿಡಿಕೆಯನ್ನು ಉದ್ದ ಮಾಡಬೇಕು.

ಎತ್ತರದ ವಿಷಯದಲ್ಲಿ ಪರದೇಶದ ಚಿತ್ರಗಳನ್ನು ನೋಡಿ ಮಾಡುವವರು ಎಡವುತ್ತಾರೆ. ಅವು ಮೇಜಿನ ಮುಂದೆ ನಿಂತು ದುಡಿಯುವವರಿಗೆ ಮಾಡಿದವು, ಸೊಂಟದಿಂದ ಮೇಲೆ. ಚಪ್ಪಲಿ ಹೊಲಿಯುವವರು ದುಡಿಯುವುದು ನೆಲದ ಮೇಲೆ ಕೂತು. ಕೂತವರ ಕೈ ಏಳದೆ ಮುಟ್ಟುವುದು ನೆಲದಿಂದ ಒಂದಡಿಯಿಂದ ಮೂರೂವರೆ ಅಡಿಯವರೆಗೆ, ಹೆಚ್ಚೆಂದರೆ ನಾಲ್ಕು. ಪಟ್ಟಿಗಳು ಅಲ್ಲೇ ಬರಬೇಕು. ಕೂಸುಗಳಿರುವ ಮನೆಯಲ್ಲಾದರೆ ಕೆಲಸ ಮುಗಿದ ಮೇಲೆ ಹರಿತದ ಹಿಡಿಕೆಯನ್ನು ಎತ್ತಿ ಆರಡಿ ಮೇಲಿನ ಇನ್ನೊಂದು ಪಟ್ಟಿಗೆ ಸಿಗಿಸಬಹುದು. ಬೇಸಿಗೆಯಲ್ಲಿ ಕೋಣೆ ಕಾದಾಗ ಅದೇ ಹಿಡಿಕೆಯನ್ನು ಉಳಿಗಳ ಸಮೇತ ಎತ್ತಿಕೊಂಡು ಹೊರಗಿನ ಕಟ್ಟೆಗೂ ಹೋಗಬಹುದು. ಅಲ್ಲಿಯ ಕಂಬಕ್ಕೂ ಒಂದು ಪಟ್ಟಿ ಜಡಿದಿದ್ದರಾಯಿತು.

ಜಡಿಯುವ ಮೊದಲು ಎಲ್ಲ ಸಾಮಾನನ್ನೂ ನೆಲದ ಮೇಲೆ ಗೋಡೆಯಷ್ಟೇ ಅಳತೆಯೊಳಗೆ ಹರವಿ, ಸೀಮೆಸುಣ್ಣದಿಂದ ಸುತ್ತ ಗೆರೆ ಹಾಕಿ ನೋಡಿಕೊಳ್ಳುವುದು ವಾಡಿಕೆ. ದಿನಾ ಬೇಕಾದದ್ದು ಬಲಗೈ ಹತ್ತಿರ, ವರ್ಷಕ್ಕೊಮ್ಮೆ ಬೇಕಾಗುವುದು ಮೂಲೆಗೆ. ಮೊದಲ ಪಟ್ಟಿಯನ್ನು ನೀರುಮಟ್ಟ ಹಿಡಿದು ಜಡಿದರೆ ಉಳಿದವಕ್ಕೆ ಎಂಟಿಂಚಿನ ಒಂದು ತುಂಡೇ ಅಳತೆಗೋಲು. ಒಂದಡಿಗೊಂದು ಸ್ಕ್ರೂ ಇರಲಿ. ಎಲ್ಲ ಮುಗಿದ ಮೇಲೆ ಮರಳು ತುಂಬಿದ ಬಕೆಟ್ಟೊಂದನ್ನು ರಾತ್ರಿಯಿಡೀ ತೂಗುಬಿಟ್ಟು, ಮುಂಜಾನೆ ಪಟ್ಟಿಯ ಹಿಂದೆ ಸಂದಿ ಬಿಟ್ಟಿದೆಯೇ ನೋಡಬೇಕು. ಎರೆ ಮಣ್ಣಿನ ಮೇಲೆ ನಿಂತ ಮನೆಗಳಲ್ಲಿ ಬೇಸಿಗೆಗೆ ನೆಲ ಬಿರಿದು ಮಳೆಗೆ ಉಬ್ಬುವುದರಿಂದ ಗೋಡೆಯೂ ಕೊಂಚ ಅಲುಗುತ್ತದೆ. ಅಂಥ ಕಡೆ ಮಳೆಗಾಲ ಮುಗಿದ ಮೇಲೆ ಸ್ಕ್ರೂಗಳನ್ನು ಒಮ್ಮೆ ಬಿಗಿದು, ಅಲಗುಗಳಿಗೆ ಎಣ್ಣೆ ಸವರುವುದಷ್ಟೇ ಉಳಿಯುವ ಕೆಲಸ.