ದವಡೆಯ ಸಿಸ್ಟ್: ಯಾವ ಚಿಕಿತ್ಸೆ, ಯಾರಿಗೆ?

ಹಲ್ಲುನೋವಿಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ದವಡೆಯ ಮೂಳೆಯೊಳಗೆ ದುಂಡನೆಯ ಕಪ್ಪು ನೆರಳೊಂದು ಕಂಡಾಗ ಮನೆಮಂದಿ ಗಾಬರಿಗೊಳ್ಳುವುದು ಸಹಜ. ಅನೇಕ ಸಲ ಆ ನೆರಳು ಸಿಸ್ಟ್, ಅಂದರೆ ಒಳಪೊರೆಯುಳ್ಳ, ದ್ರವ ತುಂಬಿದ ಚೀಲ. ಅದು ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲವೆಂದು ಉಪೇಕ್ಷಿಸಿದರೆ ಸದ್ದಿಲ್ಲದೆ ಬೆಳೆದು, ಮೂಳೆಯನ್ನು ಟೊಳ್ಳುಮಾಡಿ, ಸಣ್ಣ ಪೆಟ್ಟಿಗೂ ದವಡೆ ಮುರಿಯುವ ಸ್ಥಿತಿಯನ್ನು ತರಬಲ್ಲದು.

ಚಿಕಿತ್ಸೆಯ ಆಯ್ಕೆ ಸಿಸ್ಟಿನ ಬಗೆಯನ್ನು ಅವಲಂಬಿಸಿದೆ. ಹೆಚ್ಚಾಗಿ ಕಾಣುವುದು, ಹುಳುಕಿನಿಂದಲೋ ಪೆಟ್ಟಿನಿಂದಲೋ ಜೀವ ಕಳೆದುಕೊಂಡ ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟುವ ಸಿಸ್ಟ್. ಎರಡನೆಯದು ಹೊರಬಾರದೆ ಮೂಳೆಯಲ್ಲೇ ಉಳಿದ ಹಲ್ಲಿನ, ಮುಖ್ಯವಾಗಿ ಕೆಳದವಡೆಯ ಬುದ್ಧಿಹಲ್ಲಿನ, ತಲೆಯನ್ನು ಸುತ್ತುವರಿಯುವಂಥದು. ಮೂರನೆಯದಾದ ಕೆರಟೋಸಿಸ್ಟ್ ತೆಗೆದ ಮೇಲೂ ಮರುಕಳಿಸುವ ಸ್ವಭಾವದ್ದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗೆಡ್ಡೆಗಳ ಸಾಲಿಗೆ ಸೇರಿಸಿ, 2017ರಲ್ಲಿ ಮರಳಿ ಸಿಸ್ಟುಗಳ ಸಾಲಿಗೆ ತಂದಿತು.

ಹಲ್ಲಿನ ಬೇರಿನ ಬಳಿಯ ಸಣ್ಣ ನೆರಳಿಗೆ ಮೊದಲು ರೂಟ್ ಕೆನಾಲ್ ಚಿಕಿತ್ಸೆಯೇ ಸಾಕಾಗಬಹುದು. ಸೋಂಕಿನ ಮೂಲ ಅಳಿದರೆ ತಿಂಗಳುಗಳಲ್ಲಿ ಮೂಳೆ ತಾನೇ ತುಂಬಿಕೊಳ್ಳುತ್ತದೆ. ಎಕ್ಸ್‌ರೇ ತೆಗೆದು ಅದನ್ನು ಖಚಿತಪಡಿಸಿಕೊಳ್ಳಬೇಕು. ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆ ಅಗತ್ಯ.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯ ದಾರಿಗಳು ಎರಡು. ಎರಡಕ್ಕೂ ಜರ್ಮನ್ ಶಸ್ತ್ರವೈದ್ಯ ಕಾರ್ಲ್ ಪಾರ್ಚ್ ಅವರ ಹೆಸರು ಅಂಟಿಕೊಂಡಿದೆ. ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯುವುದು ಒಂದು. ಇದರಿಂದ ಕೆಲಸ ಒಮ್ಮೆಗೇ ಮುಗಿಯುತ್ತದೆ, ಇಡೀ ಪೊರೆ ಪರೀಕ್ಷೆಗೆ ಸಿಗುತ್ತದೆ. ಆದರೆ ಸಿಸ್ಟ್ ದೊಡ್ಡದಿದ್ದರೆ ಕೆಳತುಟಿಗೆ ಸ್ಪರ್ಶಜ್ಞಾನ ನೀಡುವ ನರಕ್ಕೋ ಪಕ್ಕದ ಹಲ್ಲುಗಳಿಗೋ ಧಕ್ಕೆಯಾಗುವ ಅಪಾಯವಿದೆ. ಎರಡನೆಯದು, ಚೀಲಕ್ಕೆ ಬಾಯಿಯ ಕಡೆಗೆ ಕಿಂಡಿ ತೆರೆದು ಒಳಗಿನ ಒತ್ತಡ ಇಳಿಸುವುದು. ಪಾರ್ಚ್ ಇದನ್ನು 1892ರಲ್ಲಿ ವಿವರಿಸಿದರು. ಒತ್ತಡ ಇಳಿದಂತೆ ಸಿಸ್ಟ್ ಕುಗ್ಗಿ, ಸುತ್ತ ಹೊಸ ಮೂಳೆ ಬೆಳೆಯುತ್ತದೆ. ಮಕ್ಕಳಲ್ಲಿ ಸಿಕ್ಕಿಕೊಂಡ ಹಲ್ಲು ತನ್ನ ಸ್ಥಾನಕ್ಕೆ ಏರಿಬರಲೂ ಅವಕಾಶವಾಗುತ್ತದೆ. ಬೆಲೆಯೆಂದರೆ ತಾಳ್ಮೆ: ತಿಂಗಳುಗಟ್ಟಲೆ ಆ ಕುಳಿಯನ್ನು ದಿನವೂ ತೊಳೆಯಬೇಕು, ಹಲವು ಸಲ ಆಸ್ಪತ್ರೆಗೆ ಬರಬೇಕು. ಉಳಿದ ಚೀಲವನ್ನು ಆಮೇಲೆ ತೆಗೆಯಬೇಕಾಗಲೂಬಹುದು.

ಕೆರಟೋಸಿಸ್ಟಿಗೆ ಕೇವಲ ಚೀಲ ತೆಗೆದರೆ ಸಾಲದು. ಸುತ್ತಲಿನ ಮೂಳೆಯ ತೆಳುಪದರವನ್ನು ಕೊರೆದು ತೆಗೆಯುವುದು, ಕಾರ್ನಾಯ್ ದ್ರಾವಣದಂಥ ರಾಸಾಯನಿಕ ಲೇಪಿಸುವುದು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಇವು ಉಳಿದ ಜೀವಕೋಶಗಳನ್ನು ನಾಶಮಾಡಲು ಸೇರಿಸುವ ಕ್ರಮಗಳು. ದವಡೆಯ ಭಾಗವನ್ನೇ ಕತ್ತರಿಸುವುದು ಬಹಳ ಹರಡಿದ, ಪದೇ ಪದೇ ಮರುಕಳಿಸಿದ ಪ್ರಕರಣಗಳಿಗೆ ಮೀಸಲು. ಹಲವು ವರ್ಷಗಳ ನಂತರವೂ ಇದು ಮರಳಬಲ್ಲುದರಿಂದ ದೀರ್ಘಕಾಲ ತಪಾಸಣೆ ತಪ್ಪಿಸುವಂತಿಲ್ಲ.

ಯಾವ ದಾರಿ ಹಿಡಿದರೂ ತೆಗೆದ ಅಂಶದ ಬಯಾಪ್ಸಿ ಆಗಲೇಬೇಕು. ಅಮೆಲೋಬ್ಲಾಸ್ಟೋಮಾ ಎಂಬ ಗೆಡ್ಡೆ ಎಕ್ಸ್‌ರೇಯಲ್ಲಿ ಸಿಸ್ಟಿನಂತೆಯೇ ಕಾಣಬಲ್ಲದು. ಅದರ ಚಿಕಿತ್ಸೆಯೇ ಬೇರೆ.

ಇಲ್ಲಿ ಗಡಿನಾಡಿನವರಾದ ನಮಗೆ ವಿಶೇಷ ಎಚ್ಚರ ಬೇಕು. ಕಾಸರಗೋಡಿನಿಂದ ಮಂಗಳೂರಿಗೆ, ತಾಳವಾಡಿಯಿಂದ ಚಾಮರಾಜನಗರಕ್ಕೆ ಚಿಕಿತ್ಸೆಗೆ ಹೋಗುವವರು ಮುಂದಿನ ತಪಾಸಣೆಯನ್ನು ಊರಿನಲ್ಲೇ ಮಾಡಿಸಿಕೊಳ್ಳುವುದುಂಟು. ಬಯಾಪ್ಸಿ ವರದಿಯೂ ಹಳೆಯ ಎಕ್ಸ್‌ರೇಯೂ ಜೊತೆಯಲ್ಲಿಲ್ಲದಿದ್ದರೆ ಹೊಸ ವೈದ್ಯರಿಗೆ ಹೋಲಿಸಿ ನೋಡಲು ಆಧಾರವೇ ಇರದು. ಅವುಗಳ ಪ್ರತಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಬೇಕು. ಒಪ್ಪಿಗೆಪತ್ರ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಇದ್ದು ಓದಲಾಗದಿದ್ದರೆ, ಅರ್ಥ ವಿವರಿಸುವವರೆಗೆ ಸಹಿ ಹಾಕಬೇಕಾಗಿಲ್ಲ. ಕೇಳುವುದು ಹಟವಲ್ಲ, ನಮ್ಮ ಹಕ್ಕು.

ಕೇಳಬೇಕಾದವು ನಾಲ್ಕೇ ಪ್ರಶ್ನೆ: ಇದು ಯಾವ ಬಗೆಯ ಸಿಸ್ಟ್? ಈ ದಾರಿಯನ್ನೇ ಆರಿಸಿದ್ದೇಕೆ? ನರಕ್ಕೂ ಹಲ್ಲುಗಳಿಗೂ ಇರುವ ಅಪಾಯವೆಷ್ಟು? ಎಷ್ಟು ವರ್ಷ ತಪಾಸಣೆಗೆ ಬರಬೇಕು? ಉತ್ತರ ತಿಳಿದು ಒಪ್ಪಿದ ಚಿಕಿತ್ಸೆಯನ್ನು ರೋಗಿ ನಡುದಾರಿಯಲ್ಲಿ ಬಿಡುವುದು ಕಡಿಮೆ.