ಕಡಲಾಚೆಯ ಊರಿಗೆ ಹೊರಟವರ ಸಿದ್ಧತೆ

ಇಂದು ದೇವನಹಳ್ಳಿಯ ನಿಲ್ದಾಣದಲ್ಲಿ ವಿಮಾನವನ್ನೇರಿದವರು ಸುಮಾರು ಒಂದು ಗಂಟೆಯಲ್ಲಿ ಮಂಗಳೂರು ತಲಪುತ್ತಾರೆ. ಹೊಸಕೋಟೆಯಿಂದಲೋ ದೊಡ್ಡಬಳ್ಳಾಪುರದಿಂದಲೋ ಹೊರಡುವ ಕುಟುಂಬಕ್ಕೆ ನಾಲ್ಕು ಜೊತೆ ಬಟ್ಟೆ, ಮಳೆಗಾಲವಾದರೆ ಒಂದು ಕೊಡೆ, ಇಷ್ಟೇ ಸಿದ್ಧತೆ. ಆದರೆ ಇದೇ ಮಂಗಳೂರಿಗೆ ಬರಲು ವರ್ಷಗಟ್ಟಲೆ ಸಿದ್ಧರಾಗಿ, ಹೆತ್ತವರನ್ನು ಮತ್ತೆ ಕಾಣುವೆವೆಂಬ ಭರವಸೆಯಿಲ್ಲದೆ ಹೊರಟವರೂ ಇದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಕ್ರೈಸ್ತ ಮಿಷನರಿಗಳು ಅವರು. ಕನ್ನಡದ ಮೊದಲ ವೃತ್ತಪತ್ರಿಕೆಯೂ ಕಿಟೆಲ್ ನಿಘಂಟೂ ಆ ಪಯಣದ ಫಲಗಳೆಂಬುದನ್ನು ಎಲ್ಲರೂ ಬಲ್ಲರು. ಆ ಪಯಣಕ್ಕೆ ಅವರು ನಡೆಸಿದ ಸಿದ್ಧತೆಯ ಕಥೆಯನ್ನು ಬಲ್ಲವರು ವಿರಳ.

ಬಾಸೆಲ್ ಮಿಷನ್ ಸಂಸ್ಥೆ 1815ರಲ್ಲಿ ಸ್ಥಾಪಿತವಾಯಿತು. ಅದರ ಪಾಠಶಾಲೆಗೆ ಸೇರಿದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ವರ್ಷಗಟ್ಟಲೆ ಅವರು ಬೈಬಲನ್ನೂ ಅದರ ಮೂಲ ಭಾಷೆಗಳಾದ ಹೀಬ್ರೂ, ಗ್ರೀಕ್‌ಗಳನ್ನೂ ಇಂಗ್ಲಿಷನ್ನೂ ಅಭ್ಯಾಸ ಮಾಡುತ್ತಿದ್ದರು. ಓದಿನೊಡನೆ ಕೈಗೆಲಸವೂ ತೋಟದ ಕೆಲಸವೂ ಇರುತ್ತಿದ್ದುವು. ದಿನಚರಿ ಬಲು ಕಟ್ಟುನಿಟ್ಟು.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣಗೊಂಡಾಗ, ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗನ್ನೇರಿದರು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಾಗಿತ್ತು. ಜುಲೈಯಲ್ಲಿ ಇಂಗ್ಲೆಂಡಿನ ದಡವನ್ನು ಬಿಟ್ಟವರು ಅಕ್ಟೋಬರಿನಲ್ಲಿ ಕಲ್ಲಿಕೋಟೆಗೆ ಬಂದು, 1834ರ ಅಕ್ಟೋಬರ್ 30ರಂದು ಮಂಗಳೂರನ್ನು ಮುಟ್ಟಿದರು.

ಹೊರಡುವಾಗ ಅವರ ಮನಸ್ಸಿನಲ್ಲಿ ಅಳುಕಿರಲಿಲ್ಲವೆನ್ನಲಾಗದು. 1828ರಲ್ಲಿ ಇದೇ ಸಂಸ್ಥೆ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನಾಕ್ಕೆ, ನಾಲ್ವರು ತರುಣರನ್ನು ಕಳುಹಿಸಿತ್ತು. 1831 ಮುಗಿಯುವಷ್ಟರಲ್ಲಿ ನಾಲ್ವರೂ ಮಣ್ಣಾಗಿದ್ದರು. ಉಷ್ಣವಲಯದ ಕರಾವಳಿಯೆಂದರೆ ಜ್ವರದ ನಾಡೆಂದೇ ಯೂರೋಪಿನಲ್ಲಿ ಹೆಸರು. ಕೆಟ್ಟ ಗಾಳಿಯೇ ಮಲೇರಿಯಾಕ್ಕೆ ಕಾರಣವೆಂದು ವೈದ್ಯರೂ ನಂಬಿದ್ದ ಕಾಲ ಅದು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಸೂಕ್ಷ್ಮಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಶತ್ರು ಯಾರೆಂದು ತಿಳಿಯದವನು ಯಾವ ಆಯುಧವನ್ನು ಕಟ್ಟಿಕೊಂಡಾನು?

ಮಂಗಳೂರಿನಲ್ಲಿ ಇಳಿದವರಿಗೆ ಮೊದಲು ಎದುರಾದದ್ದು ಜ್ವರಕ್ಕಿಂತಲೂ ಮಾತಿನ ಕಷ್ಟ. ಪೇಟೆಯಲ್ಲಿ ತುಳು, ಕೊಂಕಣಿ, ಕಚೇರಿಯಲ್ಲಿ ಕನ್ನಡ, ದಕ್ಷಿಣಕ್ಕೆ ನಡೆದರೆ ಮಲೆಯಾಳ. ಉಪದೇಶಿಸಬೇಕೆಂದು ಬಂದವರು ಮುನ್ಷಿಗಳ ಮುಂದೆ ಕುಳಿತು, ಮಕ್ಕಳಂತೆ ಅಕ್ಷರ ತಿದ್ದಬೇಕಾಯಿತು. ಕಲಿಸುವ ಹಂಬಲ ಹೊತ್ತು ಬಂದವನು ಕಲಿಯಲು ಬಾಗುವುದು ಸುಲಭವಲ್ಲ. ಹಾಗೆ ಬಾಗಿದವರ ಕೆಲಸವೇ ಉಳಿದು ಬಂತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದನು. ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಅಚ್ಚಿಗೆ ತಂದವನೂ ಅವನೇ.

ಬಾಸೆಲಿನಲ್ಲಿ ಕಲಿತ ಕೈಗೆಲಸದ ಗೌರವವೂ ವ್ಯರ್ಥವಾಗಲಿಲ್ಲ. ಮತಾಂತರವೇ ಮಿಷನರಿಗಳ ಉದ್ದೇಶವಾಗಿತ್ತು. ಮತಾಂತರಗೊಂಡವರು ಮನೆ, ಜಾತಿ, ಕಸುಬುಗಳನ್ನು ಒಮ್ಮೆಗೇ ಕಳೆದುಕೊಳ್ಳುವಂತಾಯಿತು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ, ಮುದ್ರಣಗಳು ಆರಂಭವಾದುವು. 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. ಮಂಗಳೂರು ಹೆಂಚು ಅಲ್ಲಿಂದ ನಾಡಿನ ಮನೆಮನೆಗಳ ಮಾಡನ್ನೇರಿತು.

ಇನ್ನು ಹೆಂಗಸರ ಸಿದ್ಧತೆ. ಮಿಷನರಿಗಳು ಆಡಳಿತ ಸಮಿತಿಯ ಅನುಮತಿಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಅನುಮತಿ ದೊರೆತ ಮೇಲೆ ಊರಿನ ಬಂಧುಮಿತ್ರರು ಕನ್ಯೆಯನ್ನು ಹುಡುಕುತ್ತಿದ್ದರು. ಎಷ್ಟೋ ಮಂದಿ ತರುಣಿಯರು ವರನ ಮುಖವನ್ನೇ ಕಾಣದೆ ಕಡಲು ದಾಟಿ ಬಂದರು. ಮದುವೆಗೆ ಮುಂಚೆ ವಧೂವರರು ಒಬ್ಬರನ್ನೊಬ್ಬರು ಅರಿಯದಿರುವುದು ನಮ್ಮ ಅಜ್ಜಿಯಂದಿರಿಗೆ ಹೊಸತಲ್ಲ; ಆದರೆ ಅವರ ತವರು ಸಾವಿರಾರು ಮೈಲಿ ದೂರದಲ್ಲಿರಲಿಲ್ಲ. ಬಂದವರಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತಿತ್ತು. ಮಿಷನರಿಗಳ ಮಕ್ಕಳಿಗೆಂದು 1853ರಲ್ಲಿ ಬಾಸೆಲಿನಲ್ಲಿ ಒಂದು ವಸತಿಗೃಹ ತೆರೆಯಿತು. ಆರೇಳು ವರ್ಷ ತುಂಬುತ್ತಲೇ ಮಕ್ಕಳನ್ನು ಓದಿಗಾಗಿ ಅಲ್ಲಿಗೆ ಕಳುಹಿಸಬೇಕು. ಬಳಿಕ ತಾಯಿಗೆ ಉಳಿಯುತ್ತಿದ್ದುದು ಕಾಗದದ ನಂಟು ಮಾತ್ರ. ಈ ಅಗಲಿಕೆಗೆ ಯಾವ ಪಾಠಶಾಲೆ ಸಿದ್ಧಗೊಳಿಸೀತು?

ಅದೇ 1853ರಲ್ಲಿ ಫರ್ಡಿನಾಂಡ್ ಕಿಟೆಲ್ ಭಾರತಕ್ಕೆ ಬಂದನು. ವಯಸ್ಸು ಇಪ್ಪತ್ತೊಂದು. ಜನರ ನಡುವೆ ಜನರಂತೆಯೇ ಬದುಕಬೇಕೆಂಬ ಅವನ ಹಟ ಸಂಗಡಿಗರಿಗೆ ಹಿಡಿಸಲಿಲ್ಲ. 1860ರಲ್ಲಿ ಅವನ ಕೈಹಿಡಿದ ಪೌಲಿನ್ 1864ರಲ್ಲಿ ತೀರಿಕೊಂಡಳು. 1867ರಲ್ಲಿ ಅವಳ ತಂಗಿ ಜೂಲಿ ಅವನನ್ನು ವರಿಸಿದಳು. ಅಕ್ಕನ ಗತಿಯನ್ನು ಅರಿತೂ ಆ ಬಾಳನ್ನು ಒಪ್ಪಿದವಳ ಸಿದ್ಧತೆಯನ್ನು ಅಳೆಯುವ ಬಳ್ಳ ಎಲ್ಲಿದೆ?

ಕಿಟೆಲ್ ಪಂಡಿತರೊಡನೆ ಕುಳಿತು ಹಳಗನ್ನಡವನ್ನು ಕಲಿತನು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದನು. ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಉಪದೇಶಕ್ಕೆ ಬಂದವನ ಹೆಸರು ಕಲಿತುದರಿಂದ ಉಳಿಯಿತು.

ಆ ನಿಘಂಟು ಇಂದಿಗೂ ಕನ್ನಡ ವಿದ್ಯಾರ್ಥಿಯ ಕೈಗನ್ನಡಿ. ಅದರ ಹಾಳೆಯನ್ನು ತಿರುವುವಾಗ ಕಿಟೆಲನ ದುಡಿಮೆಯೊಡನೆ ಇನ್ನೊಂದನ್ನೂ ನೆನೆಯುವುದು ನ್ಯಾಯ: ಕನ್ನಡ ಕಲಿಸಿದ ಮುನ್ಷಿ, ಪಂಡಿತರ ಉಪಕಾರವನ್ನು, ಬಂದರಿನಲ್ಲಿ ನಿಂತು ಮಕ್ಕಳನ್ನು ಹಡಗು ಹತ್ತಿಸಿದ ತಾಯಂದಿರ ಕಣ್ಣೀರನ್ನು.