ಸೀಟಿನ ಮೇಲಿನ ಅರಿಶಿನ

ಆಯುಧಪೂಜೆ ಬಂತೆಂದರೆ ನಮ್ಮ ಶಿಕಾಗೋ ಕನ್ನಡಿಗರ ಕಾರುಗಳಿಗೆ ಎಲ್ಲಿಲ್ಲದ ಸಂಭ್ರಮ. ಹಿಂದಿನ ದಿನವೇ ಕಾರ್ ವಾಶ್, ಬೆಳಿಗ್ಗೆ ಬಾನೆಟ್ಟಿಗೆ ಅರಿಶಿನ ಕುಂಕುಮ, ಒಂದು ಮೊಳ ಹೂವು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಲೆಮಾಂಟಿನ ದೇವಸ್ಥಾನಕ್ಕೋ ಅರೋರಾದ ಬಾಲಾಜಿ ಸನ್ನಿಧಿಗೋ ಹೋಗಿ ಮಂಗಳಾರತಿ ಮಾಡಿಸಿಕೊಂಡು ಬಂದರೆ ಮನಸ್ಸಿಗೆ ಸಮಾಧಾನ. ಆದರೆ ಬಾಗಿಲು ತೆಗೆದು ಒಳಗೆ ನೋಡಿ! ಸೀಟಿನ ಸಂದಿಯಲ್ಲಿ ಮಕ್ಕಳು ಚೆಲ್ಲಿದ ಚೀರಿಯೋಸ್, ಹೋದ ಚಳಿಗಾಲದ ಉಪ್ಪು, ಜೀನ್ಸ್ ಪ್ಯಾಂಟು ಬಿಟ್ಟ ನೀಲಿ ಬಣ್ಣ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆ ನಮ್ಮ ಕಾರುಗಳನ್ನು ನೋಡಿಯೇ ಹುಟ್ಟಿತೇನೋ!

ಹೀಗೆ ಉಪದೇಶ ಮಾಡುವ ಅಧಿಕಾರ ನನಗೆ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಆ ಕಥೆಯನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅಪ್ಪ ಊರಿನಿಂದ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ನಾನು ಆಗಷ್ಟೇ ತಿಳಿಗಂದು ಬಣ್ಣದ ಚರ್ಮದ ಸೀಟಿನ ಕಾರು ಕೊಂಡಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ಕೊಂಡ ಹೊಸ ಕಾರು. ನವರಾತ್ರಿಗೆ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರುವ ಗೆಳೆಯನ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಪಾಟ್‌ಲಕ್ಕಿಗೆ ನಮ್ಮ ಪಾಲು ಬಿಸಿಬೇಳೆ ಬಾತ್. ಇಂಟರ್‌ಸ್ಟೇಟ್ ೯೪ರಲ್ಲಿ ಸುಮಾರು ಐದು ಗಂಟೆಯ ದಾರಿ. ಟ್ರಂಕಿನಲ್ಲಿಟ್ಟರೆ ಉರುಳೀತು ಎಂದು ಅಪ್ಪ ಆ ದೊಡ್ಡ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಕಲಮಜೂ ದಾಟಿದ ಮೇಲೆ ರಸ್ತೆ ರಿಪೇರಿ, ಸಾಲಾಗಿ ಕಿತ್ತಳೆ ಬಣ್ಣದ ಪೀಪಾಯಿಗಳು. ಮುಂದಿನ ಲಾರಿ ತಟ್ಟನೆ ನಿಂತಿತು, ನಾನು ಬ್ರೇಕ್ ಒತ್ತಿದೆ, ಮುಚ್ಚಳ ಹಾರಿತು. ತುಪ್ಪ, ಹುಳಿ, ಅರಿಶಿನ ಎಲ್ಲ ಸೀಟಿನ ಮೇಲೆ.

"ಸ್ವಲ್ಪ ಗಟ್ಟಿಯಾಗಿ ಹಿಡ್ಕೋಬಾರದಾ ಅಪ್ಪ? ಇದರ ಬೆಲೆ ಎಷ್ಟು ಅಂತ ಗೊತ್ತಾ?" ಎಂದು ಕೂಗಾಡಿಬಿಟ್ಟೆ. ಬಿಸಿ ಬಿದ್ದು ಅವರ ತೊಡೆ ಸುಟ್ಟಿತೇ ಎಂದು ಕೇಳಿದವಳು ಹಿಂದೆ ಕೂತಿದ್ದ ನನ್ನ ಹೆಂಡತಿ. ಅಪ್ಪ ಏನೂ ಮಾತಾಡಲಿಲ್ಲ. ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿ, ಅದನ್ನೇ ಹಾಸಿಕೊಂಡು, ಸೀಟಿಗೆ ಬೆನ್ನು ತಾಗಿಸದೆ ಟ್ರಾಯ್‌ವರೆಗೂ ತುದಿಯಲ್ಲಿ ಕೂತಿದ್ದರು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಎಚ್ಚರವಾದಾಗ ಅಪ್ಪ ಹಾಸಿಗೆಯಲ್ಲಿರಲಿಲ್ಲ. ಹೊರಗೆ ಚಳಿಯಲ್ಲಿ ಮಂಕಿಟೋಪಿ ಹಾಕಿಕೊಂಡು, ಕಾರಿನ ಬಾಗಿಲು ತೆಗೆದು, ಅಡುಗೆಸೋಡಾ ಕಲಸಿದ ನೀರಿನಲ್ಲಿ ಸೀಟು ತಿಕ್ಕುತ್ತಿದ್ದರು. ಹಳದಿ ಇದ್ದ ಕಲೆ ಕೆಂಪಾಗಿತ್ತು! "ಚೇತಕ್ ಸೀಟಿಗಾದ್ರೆ ಒದ್ದೆ ಬಟ್ಟೆ ಸಾಕಾಗ್ತಿತ್ತು ಕಣೋ. ಇದೇನೋ ರಕ್ತ ಬಂದ ಹಾಗಾಯ್ತು" ಎಂದರು. ಅವರ ಮುಖ ನೋಡಲಾಗಲಿಲ್ಲ. ನಾಲ್ಕು ದಶಕ ಮೇಷ್ಟ್ರಾಗಿದ್ದವರು, ತಪ್ಪು ಮಾಡಿದ ಹುಡುಗನಂತೆ ನನ್ನೆದುರು ನಿಂತಿದ್ದರು.

ನನ್ನ ಪುಣ್ಯಕ್ಕೆ ಆ ಗೆಳೆಯ ಕಾರಿನ ಸೀಟು ತಯಾರಿಸುವ ಉದ್ಯಮದಲ್ಲೇ ದುಡಿಯುವವನು. ಡೆಟ್ರಾಯಿಟ್ ಎಂದರೆ ಇಂಜಿನ್ ಮಾತ್ರವಲ್ಲ, ಸೀಟಿನ ರಾಜಧಾನಿಯೂ ಹೌದು. ಲಿಯರ್ ಕಂಪನಿಯ ಮುಖ್ಯ ಕಚೇರಿ ಸೌತ್‌ಫೀಲ್ಡ್‌ನಲ್ಲಿದೆ. ಮಿಶಿಗನ್ನಿನ ಗ್ರಾಂಡ್ ಹೇವನ್‌ನಲ್ಲಿ ೧೮೬೫ರಲ್ಲಿ ಚರ್ಮ ಹದ ಮಾಡಲು ಆರಂಭಿಸಿದ ಈಗಲ್ ಒಟ್ಟಾವಾ ೨೦೧೫ರಲ್ಲಿ ಅದೇ ಲಿಯರ್ ಪಾಲಾಯಿತು. ನಮ್ಮ ಶಿಕಾಗೋ ಏನೂ ಕಡಿಮೆಯಿಲ್ಲ. ೧೮೬೫ರಿಂದ ೧೯೭೧ರವರೆಗೆ ನಡೆದ ಯೂನಿಯನ್ ಸ್ಟಾಕ್ ಯಾರ್ಡ್ಸ್‌ನಿಂದಾಗಿ ಇಲ್ಲಿ ಚರ್ಮಕ್ಕೆ ಬರವಿರಲಿಲ್ಲ. ೧೯೦೫ರಲ್ಲಿ ಹುಟ್ಟಿದ ಹಾರ್ವೀನ್ ಕಂಪನಿಯ ಚರ್ಮದಿಂದಲೇ ಎನ್‌ಎಫ್‌ಎಲ್ ಆಟದ ಚೆಂಡು ತಯಾರಾಗುವುದು.

ಗೆಳೆಯ ಕೆಂಪು ಕಲೆ ನೋಡಿ ನಕ್ಕ. "ಮೇಷ್ಟ್ರೇ, ಆರತಿಗೆ ಕೆಂಪು ನೀರು ಹೇಗೆ ಮಾಡ್ತೀವಿ? ಅರಿಶಿನಕ್ಕೆ ಸುಣ್ಣ ಹಾಕಿ. ಸೋಡಾನೂ ಸುಣ್ಣದ ಹಾಗೆ ಕ್ಷಾರವೇ. ನೀವು ಕಾರಿಗೆ ಓಕುಳಿ ಮಾಡಿದೀರಿ, ಅಷ್ಟೇ" ಎಂದ. ಅಪ್ಪನ ಮುಖದಲ್ಲಿ ಆಗ ನಗು ಬಂತು. ನನಗೂ ಉಸಿರು ಬಂತು.

ಅವನು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಇಂದಿನ ಕಾರುಗಳ ಚರ್ಮದ ಮೇಲೆ ಸಾಮಾನ್ಯವಾಗಿ ಬಣ್ಣದ ಪದರ, ಅದರ ಮೇಲೆ ಪಾಲಿಯುರೆಥೇನ್‌ನ ತೆಳುವಾದ ಪೊರೆ ಇರುತ್ತದೆ. ನಮ್ಮ ಕೈಗೆ ತಾಗುವುದು ಆ ಪೊರೆಯೇ. ಆದ್ದರಿಂದ ಚಪ್ಪಲಿಗೆ ಹಚ್ಚಿದಂತೆ ಕೊಬ್ಬರಿ ಎಣ್ಣೆ ಹಚ್ಚಿದರೆ ಅದು ಒಳಗಿಳಿಯುವುದಿಲ್ಲ. ಮೇಲೆ ಕೂತು ಧೂಳು ಹಿಡಿಯುತ್ತದೆ. ಕಂಡಿಷನರಿಗಿಂತ ಮುಖ್ಯವಾದದ್ದು ಶುಚಿ. ಮೈಯ ಬೆವರು, ತಲೆಯ ಎಣ್ಣೆ, ಕೈಗೆ ಹಚ್ಚಿದ ಕ್ರೀಮು ಇವೇ ಪೊರೆಯನ್ನು ಮೆಲ್ಲಗೆ ತಿನ್ನುತ್ತವೆ. ಮರಳು, ಒಣಗಿದ ಉಪ್ಪು ಉಜ್ಜುಕಾಗದದಂತೆ ಗೀರುತ್ತವೆ.

ಹಾಗಾಗಿ ಮೊದಲು ವ್ಯಾಕ್ಯೂಮ್, ಸಂದಿಗಳಿಗೆ ಮೆತ್ತನೆಯ ಬ್ರಷ್. ಆಮೇಲೆ ಚರ್ಮಕ್ಕೆಂದೇ ಮಾರುವ, ಕ್ಷಾರವೂ ಆಮ್ಲವೂ ಅಲ್ಲದ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು, ಒಂದು ಅಂಗೈ ಅಗಲದಷ್ಟನ್ನೇ ಹಗುರವಾಗಿ ಉಜ್ಜಿ, ಬೇರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಮೈಕ್ರೋಫೈಬರಿನಿಂದ ತೇವ ತೆಗೆಯಬೇಕು. ಮೊದಲ ಸಲವಾದರೆ ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಸಣ್ಣ ತೂತುಗಳ ಸೀಟಾದರೆ ನೇರವಾಗಿ ಸಿಂಪಡಿಸಬೇಡಿ, ಕೆಳಗಿನ ಸ್ಪಂಜು ಕುಡಿಯುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್, ಸ್ಪಿರಿಟ್, ಗೋಡೆ ಒರೆಸುವ ಬಿಳಿ ಸ್ಪಂಜು ಹತ್ತಿರ ಬೇಡ. ಚೆಲ್ಲಿದ್ದನ್ನು ಕೂಡಲೇ ಒತ್ತಿ ಹೀರಿಸಿ, ಉಜ್ಜಿ ಹರಡಬೇಡಿ. ಎಲ್ಲಕ್ಕೂ ಮೊದಲು ಕಾರಿನ ಜೊತೆ ಬಂದ ಪುಸ್ತಕ ಓದಿ. ಚರ್ಮದ ಸೀಟೆಂದು ನಾವು ಹೇಳುವುದರಲ್ಲಿ ಬೆನ್ನು ಮತ್ತು ಬದಿಗಳು ಎಷ್ಟೋ ಸಲ ವಿನೈಲ್ ಆಗಿರುತ್ತವೆ.

ಇನ್ನು ಅರಿಶಿನ. ಅದರ ಬಣ್ಣ ನೀರಿಗಿಂತ ಜಿಡ್ಡಿನಲ್ಲಿ ಬೇಗ ಕರಗುತ್ತದೆ, ಆದ್ದರಿಂದ ತುಪ್ಪದ ಜೊತೆ ಬಿದ್ದರೆ ಹರಡುತ್ತದೆ. ಬರೀ ನೀರಿನ ಬಟ್ಟೆಯಲ್ಲಿ ಸೋಡಾ ತೆಗೆದ ಮೇಲೆ ಕೆಂಪು ಮತ್ತೆ ಹಳದಿಯಾಯಿತು. ಎರಡು ಮೂರು ಸಲ ಕ್ಲೀನರ್ ಹಾಕಿ, ಉಳಿದದ್ದನ್ನು ಸೂರ್ಯದೇವನಿಗೆ ಬಿಟ್ಟೆವು. ಬೆಳಕಿಗೆ ಅರಿಶಿನದ ಬಣ್ಣ ಮಾಸುತ್ತದೆ. ಅಜ್ಜಿಯರು ಕಲೆಯಾದ ಬಿಳಿ ಪಂಚೆಯನ್ನು ಬಿಸಿಲಿಗೆ ಒಣಹಾಕುತ್ತಿದ್ದದ್ದು ನೆನಪಿದೆಯಲ್ಲ?

ವಾಪಸ್ ಬರುವಾಗ ಅಪ್ಪ ತಾವಾಗಿಯೇ ಮಾತು ತೆಗೆದರು. ಅವರ ಹಳ್ಳಿಯಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುವವರ ಮನೆ ಊರಾಚೆ ಇತ್ತಂತೆ. ಅವರು ಹೊಲಿದ ಮೆಟ್ಟು ಬೇಕು, ಅವರು ಮಾತ್ರ ಜಗುಲಿ ಹತ್ತುವಂತಿರಲಿಲ್ಲ. "ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆ ಚರ್ಮದಲ್ಲೇ ಬಸವಣ್ಣನವರಿಗೆ ಪಾದುಕೆ ಹೊಲಿದ ಕಥೇನ ತರಗತೀಲಿ ಎಷ್ಟು ಸಲ ಹೇಳಿದೀನಿ. ಆದ್ರೆ ನಮ್ಮ ಜಗುಲಿ ಮೇಲೆ ಒಬ್ಬರನ್ನೂ ಕೂರಿಸಲಿಲ್ಲ. ಈಗ ನಾವು ಚರ್ಮದ ಮೇಲೆ ಕೂತು ದೇವಸ್ಥಾನಕ್ಕೆ ಹೋಗ್ತೀವಿ. ನಿನ್ನೆ ಆ ತುದೀಲಿ ಕೂತಾಗ ಅದೇ ಜ್ಞಾಪಕ ಬಂತು" ಎಂದರು. ನಾನು ಕ್ಷಮೆ ಕೇಳಿದೆ. "ಬಿಡೋ, ರಸ್ತೆ ನೋಡು" ಎಂದರು.

ಅಪ್ಪ ಊರಿಗೆ ಮರಳಿ ವರ್ಷಗಳಾದವು. ಪ್ರತಿ ಆಯುಧಪೂಜೆಗೆ ಫೋನಿನಲ್ಲಿ "ಕಲೆ ಹೋಯ್ತೇನೋ?" ಎಂದು ಕೇಳುತ್ತಾರೆ. ಹೋಯಿತು ಎನ್ನುತ್ತೇನೆ. ಹೊಲಿಗೆಯ ದಾರದಲ್ಲಿ ಮಾತ್ರ ಒಂದು ಬೆರಳಿನಷ್ಟು ಹಳದಿ ಇನ್ನೂ ಉಳಿದಿದೆ. ಅದನ್ನು ತೆಗೆಯಲು ನಾನು ಪ್ರಯತ್ನಿಸಿಲ್ಲ.

ಈ ಬಾರಿ ಕಾರಿನ ಹೊರಗೆ ಕುಂಕುಮ ಇಡುವ ಮುನ್ನ ಒಳಗೂ ಒಂದು ಗಂಟೆ ಕಳೆಯಿರಿ. ಹಾಗೆಯೇ, ಏನಾದರೂ ಚೆಲ್ಲಿದರೆ ಮೊದಲು ಚೆಲ್ಲಿದವರ ಕೈ ಸುಟ್ಟಿತೇ ಎಂದು ನೋಡಿ. ಸೀಟು ಆಮೇಲೆ. ಎಲ್ಲರಿಗೂ ನವರಾತ್ರಿಯ ಶುಭಾಶಯಗಳು.